ಮುಜುಗರ ತಡೆದುಕೊಳ್ಳುವ ವಿದ್ಯೆ: ಜಾತಿಯ ವಿರುದ್ಧ ನಿಲ್ಲಬೇಕೆನ್ನುವ ಸವರ್ಣೀಯರಿಗೊಂದು ಮಾರ್ಗದರ್ಶಿ

ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಹೆಚ್ಚುಕಡಿಮೆ ಹೀಗಿರುತ್ತದೆ: "ನಾನು ಜಾತಿ ನಂಬುವವಳಲ್ಲ. ಅಂಬೇಡ್ಕರ್ ಓದಿದ್ದೇನೆ, ಸಭೆಗಳಿಗೂ ಹೋಗುತ್ತೇನೆ. ಆದರೆ ನನ್ನ ಮಾತಿನಿಂದ ನೋವಾಯಿತು ಅಂತ ದಲಿತ ಗೆಳತಿ ಹೇಳಿದ ಕೂಡಲೇ ಮೈಯೆಲ್ಲ ಬಿಸಿಯಾಗುತ್ತದೆ. ಸಮಜಾಯಿಷಿ ಕೊಡುವುದಕ್ಕೆ ಶುರು ಮಾಡುತ್ತೇನೆ. ಮನೆಗೆ ಬಂದು ಅಳುತ್ತೇನೆ. ಏನು ಮಾಡಲಿ?"

ಇನ್ನೂ ನಾಲ್ಕು ಪುಸ್ತಕ ಓದಿ ಅಂದರೆ ಇದಕ್ಕೆ ಉತ್ತರವಾಗುವುದಿಲ್ಲ. ಹೀಗೆ ಕೇಳುವವರಿಗೆ ತಿಳಿವಳಿಕೆ ಇದ್ದೇ ಇರುತ್ತದೆ. ಸಾಲದೆ ಹೋಗುವುದು ಆ ಬಿಸಿ ಏರಿದ ಗಳಿಗೆಯನ್ನು ದಾಟುವ ಅಭ್ಯಾಸ. ನಾನೂ ಮೇಲ್ಜಾತಿ ಎನಿಸಿಕೊಂಡ ಮನೆಯಲ್ಲೇ ಹುಟ್ಟಿದವನು. ಈ ಅಭ್ಯಾಸ ತಾನಾಗಿ ಬರುವುದಿಲ್ಲ, ಆದರೆ ಕಲಿತರೆ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಅಭ್ಯಾಸ ಇಲ್ಲದಿದ್ದರೆ ಒಳ್ಳೆಯ ಉದ್ದೇಶ ಎಲ್ಲಿ ಮುಗ್ಗರಿಸುತ್ತದೆ ಎನ್ನುವುದಕ್ಕೆ 1936ರ ಲಾಹೋರ್ ನೋಡಿ. ಅಲ್ಲಿ ಜಾತ್-ಪಾತ್ ತೋಡಕ್ ಮಂಡಲ ಎಂಬ ಸಂಸ್ಥೆ ಇತ್ತು. ಹೆಸರಿನ ಅರ್ಥವೇ ಜಾತಿಪಾತಿ ಮುರಿಯುವ ಮಂಡಳಿ ಎಂದು. ಅದನ್ನು ನಡೆಸುತ್ತಿದ್ದವರು ಸವರ್ಣ ಸುಧಾರಕರು. ಅವರು ತಮ್ಮ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರರನ್ನು ಕರೆದರು. ಭಾಷಣದ ಪ್ರತಿ ಮೊದಲೇ ಕೈಗೆ ಬಂತು. ಶಾಸ್ತ್ರಗಳ ಅಧಿಕಾರವನ್ನೇ ಅಲ್ಲಗಳೆಯುವ ಮಾತು ಅದರಲ್ಲಿತ್ತು, ಹಿಂದೂ ಧರ್ಮ ಬಿಡುವ ನಿರ್ಧಾರದ ಪ್ರಸ್ತಾಪವೂ ಇತ್ತು. ಕೆಲವು ಭಾಗ ತೆಗೆಯಿರಿ ಎಂದು ಕೇಳಿದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅಂಬೇಡ್ಕರ್ ಉತ್ತರಿಸಿದರು. ಸಮ್ಮೇಳನವೇ ರದ್ದಾಯಿತು. ಅವರು ಆ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು, 1500 ಪ್ರತಿ ಎರಡೇ ತಿಂಗಳಲ್ಲಿ ಖಾಲಿಯಾದವು. ಮಂಡಲದವರು ಕೆಟ್ಟವರಾಗಿರಲಿಲ್ಲ. ಸಹಭೋಜನ, ಅಂತರ್ಜಾತಿ ಮದುವೆಗಾಗಿ ದುಡಿದವರೇ. ತಾವೇ ಕರೆದ ಅತಿಥಿ ತಮಗೇ ಕಹಿಯಾದದ್ದನ್ನು ಹೇಳಿದಾಗ ಕೂತು ಕೇಳುವ ಶಕ್ತಿ ಮಾತ್ರ ಅವರಲ್ಲಿ ಇರಲಿಲ್ಲ.

ಮುಂದೆ ಬರುವ ಎರಡು ಮೂರು ಪದಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಸವರ್ಣೀಯರು ಎಂದಾಗ ಇಲ್ಲಿ ಬ್ರಾಹ್ಮಣರು ಮಾತ್ರವಲ್ಲ, ಊರಿನ ಜಮೀನು, ಮಠ, ಪಂಚಾಯಿತಿ, ಬ್ಯಾಂಕು ಯಾರ ಕೈಯಲ್ಲಿವೆಯೋ ಆ ಎಲ್ಲ ಜಾತಿಯವರೂ ಸೇರಿದರು. ಸವಲತ್ತು ಎಂದರೆ ನಿಮಗೆ ಯಾರೋ ಕೊಟ್ಟ ಬಹುಮಾನವಲ್ಲ. ನೀವು ಯೋಚಿಸಬೇಕಾಗಿಯೇ ಬಾರದ ಸಂಗತಿ ಅದು: ಬಾಡಿಗೆ ಮನೆ ಕೇಳಲು ಹೋದಾಗ ಅಡ್ಡಹೆಸರು ಹೇಳಲು ಹೆದರಬೇಕಿಲ್ಲದಿರುವುದು. ಮೈಗಾವಲು ಎಂದು ನಾನು ಕರೆಯುವುದು, ಟೀಕೆ ಬಂದ ಕೂಡಲೇ "ನಾನು ಅಂಥವನಲ್ಲ" ಎಂದು ನಮ್ಮೊಳಗಿಂದ ಎದ್ದು ನಿಲ್ಲುವ ಪ್ರತಿಕ್ರಿಯೆಯನ್ನು.

ಈ ಅಭ್ಯಾಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಮತ್ತು ನಿಮ್ಮ ಹಾಗೆಯೇ ಕಲಿಯುತ್ತಿರುವ, ನಿಮ್ಮಂಥದೇ ಹಿನ್ನೆಲೆಯ ಒಬ್ಬ ಜೊತೆಗಾರ. ಜೊತೆಗಾರ ಏಕೆಂದರೆ, ಈ ದಾರಿಯಲ್ಲಿ ಅಳು, ಸಿಟ್ಟು, ಗೊಂದಲ ಎಲ್ಲ ಬರುತ್ತವೆ. ಅವನ್ನೆಲ್ಲ ಎಲ್ಲೋ ಹೇಳಿಕೊಳ್ಳಲೇಬೇಕು. ದಲಿತ ಸ್ನೇಹಿತರ ಹತ್ತಿರ ಹೇಳಿಕೊಂಡರೆ ನಿಮ್ಮ ಭಾರ ಅವರ ತಲೆಗೆ ಹೋಗುತ್ತದೆ. ಅವರ ತಲೆಯ ಮೇಲೆ ಈಗಾಗಲೇ ಬೇಕಾದಷ್ಟಿದೆ.

1. ಮೊದಲು ಮೈಯನ್ನು ಗಮನಿಸಿ

ಜಾತಿಯ ಮಾತು ಬಂದಾಗ ಬುದ್ಧಿಗಿಂತ ಮುಂಚೆ ಮೈ ಎಚ್ಚರವಾಗುತ್ತದೆ. ಕಿವಿ ಬಿಸಿಯಾಗುತ್ತದೆ, ಗಂಟಲು ಕಟ್ಟುತ್ತದೆ, ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ. ಆ ಹೊತ್ತಿನಲ್ಲಿ ಬಾಯಿಂದ ಬರುವ ಮಾತು ನಿಮ್ಮ ವಿಚಾರವಲ್ಲ, ಮೈಗಾವಲಿನದು. ಹಾಗಾಗಿ ಮೊದಲ ಅಭ್ಯಾಸ ಇಷ್ಟೇ: ಪಾದ ಎರಡನ್ನೂ ನೆಲಕ್ಕೆ ಊರಿ, ಐದು ಸಲ ಉಸಿರೆಳೆದು ಬಿಡುವ ತನಕ ಮಾತಾಡಬೇಡಿ. ಐದು ಉಸಿರು ಬಹಳ ಉದ್ದ ಅನ್ನಿಸುತ್ತದೆ. ಎದುರಿಗಿದ್ದವರಿಗೆ ಅದು ಗೊತ್ತೂ ಆಗುವುದಿಲ್ಲ.

ರಾತ್ರಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ. ಅವರು ಏನೆಂದರು, ಮೈಯಲ್ಲಿ ಎಲ್ಲಿ ಏನಾಯಿತು, ಏನು ಹೇಳಲು ಬಾಯಿ ತೆರೆದಿದ್ದಿರಿ, ಕೊನೆಗೆ ಏನು ಹೇಳಿದಿರಿ. ತಿಂಗಳೊಪ್ಪತ್ತಿನಲ್ಲಿ ನಿಮ್ಮ ರೂಢಿ ಕಣ್ಣಿಗೆ ಬೀಳುತ್ತದೆ. ಕೆಲವರು ತಕ್ಷಣ ವಕೀಲರಾಗುತ್ತಾರೆ. ಕೆಲವರು ಅಳುತ್ತಾರೆ. ಕೆಲವರು ನಕ್ಕು ಮಾತು ತೇಲಿಸುತ್ತಾರೆ, ಇನ್ನು ಕೆಲವರು ಕಲ್ಲಾಗಿ ಕೂತು ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ನಾನು ವಕೀಲರ ಪೈಕಿ. ನಿಮ್ಮದು ಯಾವುದು ಎಂದು ತಿಳಿದರೆ ಅದು ಬರುವ ಮೊದಲೇ ಅದರ ಹೆಜ್ಜೆ ಸದ್ದು ಕೇಳಿಸುತ್ತದೆ.

2. ಮನೆಯ ಲೆಕ್ಕ ಬರೆಯಿರಿ

ನಮ್ಮಜ್ಜಿಯ ಮನೆಯ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಅಂಚು ನೆಗ್ಗಿದ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ತೋಟದ ಕೆಲಸಕ್ಕೆ ಬರುತ್ತಿದ್ದವರು ಅದನ್ನು ತಾವೇ ತೆಗೆದುಕೊಂಡು ಮುಂದೆ ಹಿಡಿಯುತ್ತಿದ್ದರು. ಅಜ್ಜಿ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು, ಚೊಂಬು ಲೋಟಕ್ಕೆ ತಾಗದ ಹಾಗೆ. ಕುಡಿದಾದ ಮೇಲೆ ಅವರೇ ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ನಾವು ಮಕ್ಕಳು ಮನೆಯ ಎಲ್ಲ ಪಾತ್ರೆಗಳ ಜೊತೆ ಆಡುತ್ತಿದ್ದೆವು, ಆ ಲೋಟವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದು ಯಾರೂ ಹೇಳಿದ ನೆನಪಿಲ್ಲ. ಅಜ್ಜಿ ಕೈತುತ್ತು ಹಾಕಿ ಬೆಳೆಸಿದವರು. ಆ ಕೈತುತ್ತೂ ನಿಜ, ಆ ಲೋಟವೂ ನಿಜ. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ಅಳಿಸಬೇಕಿಲ್ಲ ಎನ್ನುವುದು ಈ ಹಂತದಲ್ಲಿ ಕಲಿಯಬೇಕಾದ ಪಾಠ. ಬಹಳ ಜನ ಸೋಲುವುದು ಇಲ್ಲೇ: ಲೋಟದ ಮಾತೆತ್ತಿದರೆ ಅಜ್ಜಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತದೆ.

ಅದು ಹಳೇ ಕಾಲದ ಮಾತು ಅನ್ನಬೇಡಿ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ದೇಶದ ಶೇ. 27ರಷ್ಟು ಮನೆಗಳು ಯಾವುದೋ ಒಂದು ರೂಪದಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಎಂದು ತಾವಾಗಿ ಒಪ್ಪಿಕೊಂಡಿದ್ದವು. ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿ ಆಗಲೇ ಅರವತ್ತು ವರ್ಷ ದಾಟಿತ್ತು. ಈಗಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಬೇರೆ ಲಿಫ್ಟ್ ಇದೆಯೇ? ಪೌರಕಾರ್ಮಿಕರು ನೀರು ಕೇಳಿದರೆ ಯಾವ ಬಾಟಲಿ ಹೊರಬರುತ್ತದೆ? ಅದನ್ನೂ ಬರೆಯಿರಿ.

ಆಮೇಲೆ ಜಮೀನು ಎಲ್ಲಿಂದ ಬಂತು, ಮನೆತನದಲ್ಲಿ ಮೊದಲು ಶಾಲೆಗೆ ಹೋದವರು ಯಾರು, ಯಾವ ವರ್ಷ, ಅವರಿಗೆ ಊಟ ಹಾಕಿದವರು ಯಾರು ಎಂದು ಹಿರಿಯರನ್ನು ಕೇಳಿ. ಇಲ್ಲಿ ಒಂದು ಉತ್ತರ ಖಂಡಿತ ಬರುತ್ತದೆ: "ನಮ್ಮಜ್ಜ ವಾರಾನ್ನ ಉಂಡು ಓದಿದವರು, ನಮಗೇನು ಬಿಟ್ಟಿ ಸಿಕ್ಕಿತ್ತು?" ವಾರಾನ್ನದ ಬಡತನ ಸುಳ್ಳಲ್ಲ. ದಿನಕ್ಕೊಂದು ಮನೆಯ ಜಗುಲಿಯಲ್ಲಿ ಅನ್ನಕ್ಕೆ ಕಾಯುವ ಹುಡುಗನ ಹಸಿವೂ ಅವಮಾನವೂ ನಿಜವೇ. ಆದರೆ ಅದೇ ಹಸಿವಿನ ದಲಿತ ಹುಡುಗನಿಗೆ ಆ ಏಳು ಮನೆಗಳಲ್ಲಿ ಒಂದರ ಜಗುಲಿಯೂ ಸಿಗುತ್ತಿರಲಿಲ್ಲ. ಅಜ್ಜನ ಕಷ್ಟವನ್ನು ಮರೆಯಬೇಡಿ, ಅಜ್ಜನಿಗೆ ತೆರೆದಿದ್ದ ಬಾಗಿಲನ್ನೂ ಮರೆಯಬೇಡಿ. ಒಕ್ಕಲು ಮನೆತನದವರು "ನಾವೂ ಶೂದ್ರರೇ, ನಮ್ಮನ್ನೂ ಹೊರಗಿಟ್ಟಿದ್ದರು" ಎನ್ನುತ್ತಾರೆ. ಅದೂ ನಿಜ. ಪಕ್ಕದಲ್ಲೇ ಇನ್ನೊಂದು ಸಾಲು ಬರೆಯಿರಿ: ನಮ್ಮ ಹೊಲದಲ್ಲಿ ಜೀತಕ್ಕಿದ್ದವರು ಯಾವ ಕೇರಿಯವರು?

3. "ಆದರೆ" ಎನ್ನುವುದನ್ನು ನುಂಗಿ

ದಲಿತರು ತಮ್ಮ ಅನುಭವ ಹೇಳುವಾಗ ಸವರ್ಣೀಯರ ಬಾಯಿಂದ ಬರುವ ಮೊದಲ ಪದ "ಆದರೆ". ಆದರೆ ಅವರು ಹಾಗೆ ಅಂದುಕೊಂಡು ಹೇಳಿರಲಿಕ್ಕಿಲ್ಲ. ಆದರೆ ಈಗ ಎಷ್ಟೋ ಬದಲಾಗಿದೆ. ಆದರೆ ಮೀಸಲಾತಿ ಎಷ್ಟು ದಿನ?

ಈ ಒಂದು ಪದ ಇಡೀ ನಾಡಿನ ಬಾಯಲ್ಲಿ ಬಂದರೆ ಏನಾಗುತ್ತದೆ ಎನ್ನುವುದನ್ನು ಕರ್ನಾಟಕ 1973ರಲ್ಲಿ ನೋಡಿದೆ. ಆ ವರ್ಷದ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದಲಿತ ನಾಯಕರೊಬ್ಬರು ಹೀಗೇಕೆ ಅನ್ನುತ್ತಾರೆ, ಆ ಸಾಹಿತ್ಯದಲ್ಲಿ ತಮ್ಮ ಜನ ಅವರಿಗೆ ಎಲ್ಲಿ ಕಾಣಲಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬೀದಿಗಿಳಿದರು, ಗಲಭೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಆ ಪ್ರಶ್ನೆಗೆ ಉತ್ತರವನ್ನು ಆಮೇಲೆ ದಲಿತ ಬರಹಗಾರರೇ ಕವಿತೆ, ಕಥೆ, ಆತ್ಮಕಥೆಗಳಲ್ಲಿ ಬರೆದು ಕೊಟ್ಟರು. ಆ ದಿನಗಳ ಬೇಗೆಯಲ್ಲೇ ದಲಿತ ಸಂಘರ್ಷ ಸಮಿತಿಯೂ ಮೈತಳೆಯಿತು.

ಹಾಗಾದರೆ ಏನು ಹೇಳಬೇಕು? ಎರಡು ಮಾತು ಸಾಕು: "ನೀವು ಹೇಳಿದ್ದು ಕೇಳಿಸಿತು. ಇದರ ಬಗ್ಗೆ ಯೋಚಿಸುತ್ತೇನೆ." ಇದನ್ನು ಹೇಳಿ ನಿಜವಾಗಿಯೂ ಯೋಚಿಸಿ. ಒಪ್ಪಿಗೆಯಾಗದ ಸಂಗತಿ ಇದ್ದರೆ ನಾಳೆಗಿರಲಿ, ಓಡಿ ಹೋಗುವುದಿಲ್ಲ. "ಒಂದು ಉದಾಹರಣೆ ಕೊಡಿ" ಎಂದು ಕೇಳುವುದನ್ನೂ ಬಿಡಿ. ನಿಮಗದು ಕುತೂಹಲ, ಅವರಿಗೆ ಗಾಯ ಬಿಚ್ಚಿ ತೋರಿಸುವ ಕೆಲಸ.

ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವ ಕನ್ನಡಿಗರಿಗೆ ಈ ಹಂತದಲ್ಲಿ ಒಂದು ಅನುಕೂಲವಿದೆ. ಅಲ್ಲಿ ಬಿಳಿಯ ಸಹೋದ್ಯೋಗಿಯೊಬ್ಬರು ನಿಮ್ಮ ಬಣ್ಣದ ಬಗ್ಗೆಯೋ ಉಚ್ಚಾರಣೆಯ ಬಗ್ಗೆಯೋ ಏನೋ ಅಂದಿರುತ್ತಾರೆ. ನೀವು ಧೈರ್ಯ ಮಾಡಿ ಹೇಳಿದರೆ ಅವರ ಮುಖ ಕೆಂಪೇರಿ, "ನಾನು ರೇಸಿಸ್ಟ್ ಅಲ್ಲ, ನನಗೆ ಎಷ್ಟೊಂದು ಇಂಡಿಯನ್ ಫ್ರೆಂಡ್ಸ್ ಇದ್ದಾರೆ" ಎಂದು ಶುರುವಾಗುತ್ತದೆ. ಕೊನೆಗೆ ಅವರನ್ನು ಸಮಾಧಾನ ಮಾಡುವ ಕೆಲಸ ನಿಮ್ಮ ಪಾಲಿಗೇ ಬರುತ್ತದೆ. ಆ ದಣಿವನ್ನು ನೆನಪಿಟ್ಟುಕೊಳ್ಳಿ. ಬಿಳಿಯರು ಈ ಮೈಗಾವಲನ್ನು ಇಳಿಸುವುದು ಹೇಗೆ ಎಂದು ಅಲ್ಲಿ ವರ್ಷಗಳಿಂದ ಚರ್ಚೆ, ತರಬೇತಿ ನಡೆಯುತ್ತಿವೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು, ನಮ್ಮವರಲ್ಲಿ ಅನೇಕರು ಆಡಿದ ಮಾತುಗಳು ಆ ಬಿಳಿಯ ಸಹೋದ್ಯೋಗಿಯ ಮಾತುಗಳೇ ಆಗಿದ್ದವು. ಒಂದು ಎಚ್ಚರಿಕೆ: ಈ ನೆನಪು ನಿಮ್ಮ ಒಳಗಿನ ಅಳತೆಗೋಲಾಗಿರಲಿ. "ನನಗೂ ಹೀಗೇ ಆಗಿದೆ, ನಿನ್ನ ನೋವು ಗೊತ್ತು" ಎಂದು ದಲಿತ ಸ್ನೇಹಿತರ ಮುಂದೆ ಹೇಳಬೇಡಿ.

4. ತಪ್ಪಾದಾಗ "ದ್ದರೆ" ಇಲ್ಲದೆ ಕ್ಷಮೆ ಕೇಳಿ

ತಪ್ಪು ಆಗಿಯೇ ಆಗುತ್ತದೆ. ಕನ್ನಡದಲ್ಲಿ ಕ್ಷಮೆಯನ್ನು ಕೆಡಿಸುವುದು ಒಂದು ಪ್ರತ್ಯಯ. "ಬೇಜಾರಾಗಿದ್ದರೆ ಸಾರಿ." "ತಪ್ಪು ತಿಳಿದಿದ್ದರೆ ಕ್ಷಮಿಸಿ." ಆ "ದ್ದರೆ" ಬಂತೋ, ತಪ್ಪು ನಿಮ್ಮ ಬಾಯಿಂದ ಜಾರಿ ಅವರ ಕಿವಿಗೆ ಅಂಟಿಕೊಂಡಿತು.

ಸರಿಯಾದ ಕ್ಷಮೆ ಹೀಗಿರಬಹುದು: "ನಿನ್ನೆ ಊಟದ ಹೊತ್ತಿನಲ್ಲಿ ನಾನು 'ನಿನ್ನನ್ನು ನೋಡಿದರೆ ಹಾಗೆ ಅನ್ನಿಸೋದೇ ಇಲ್ಲ' ಅಂದೆ. ಅದು ಜಾತಿಯ ಮಾತು. ತಪ್ಪು ಮಾಡಿದೆ. ಇನ್ನು ಹಾಗೆ ಆಡುವುದಿಲ್ಲ." ಇಷ್ಟಾದ ಮೇಲೆ ನಿಲ್ಲಿಸಿ. ಏಕೆ ಹಾಗೆ ಅಂದೆ, ಎಷ್ಟು ನಿದ್ದೆ ಕೆಟ್ಟೆ ಎನ್ನುವ ವಿವರ ಬೇಡ. "ಕ್ಷಮಿಸಿದೀಯಾ?" ಎಂದು ಕೇಳಬೇಡಿ. ಅವರು ಸುಮ್ಮನಿದ್ದರೆ ಆ ಮೌನವನ್ನು ತುಂಬಲು ಹೋಗಬೇಡಿ. ಸ್ನೇಹ ಮೊದಲಿನ ಹಾಗಾಗದೆಯೂ ಇರಬಹುದು. ಅದನ್ನು ಸಹಿಸುವುದೂ ಕಲಿಕೆಯ ಭಾಗವೇ.

5. ಪಾಪಪ್ರಜ್ಞೆಗೆ ಕೆಲಸ ಕೊಡಿ

ಪಾಪಪ್ರಜ್ಞೆ ಬೇರೆ, ನಾಚಿಕೆ ಬೇರೆ. "ನಾನು ಮಾಡಿದ್ದು ತಪ್ಪು" ಎನ್ನುವುದು ಮೊದಲನೆಯದು. "ನಾನೇ ಕೆಟ್ಟವನು" ಎನ್ನುವುದು ಎರಡನೆಯದು. ಮೊದಲನೆಯದನ್ನು ಕೆಲಸಕ್ಕೆ ಹಚ್ಚಬಹುದು, ಎರಡನೆಯದು ಮೂಲೆಗೆ ಕೂರಿಸಿ ಗಮನವನ್ನೆಲ್ಲ ನಿಮ್ಮ ಕಡೆಗೇ ಎಳೆಯುತ್ತದೆ. ಸಭೆಯಲ್ಲಿ ದಲಿತ ಹೆಣ್ಣುಮಗಳೊಬ್ಬಳು ತನ್ನ ಕಥೆ ಹೇಳುತ್ತಿರುವಾಗ ಮುಂದಿನ ಸಾಲಿನ ಸವರ್ಣೀಯರೊಬ್ಬರು ಬಿಕ್ಕಿ ಅಳುವುದು, ಎಲ್ಲರೂ ಅವರಿಗೆ ನೀರು ಕೊಡಲು ಏಳುವುದು: ಇದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಹೇಳುತ್ತಿದ್ದವಳ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅಳು ತಡೆಯಲಾಗದಿದ್ದರೆ ಎದ್ದು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಪಾಪಪ್ರಜ್ಞೆಗೆ ಕೊಡಬೇಕಾದ ಕೆಲಸ ಮುಂದಿನ ಎರಡು ಹಂತಗಳಲ್ಲಿದೆ.

6. ನಿಮ್ಮವರ ಮುಂದೆ ಬಾಯಿ ಬಿಡಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಅಪರಿಚಿತರ ಸಭೆಯಲ್ಲಿ ಮೈಕ್ ಹಿಡಿಯುವುದು ಸುಲಭ, ಅತ್ತೆ ಮಾವ ಕೂತ ಊಟದ ಮನೆಯಲ್ಲಿ ಮಾತೆತ್ತುವುದು ಸುಲಭವಲ್ಲ. ಅಲ್ಲಿ ಕಳೆದುಕೊಳ್ಳುವುದು ಪ್ರೀತಿ.

ಮಂಗಳೂರಿನ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು, ವಕೀಲರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅವರ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು. ಅವರು ನಿಲ್ಲಿಸಲಿಲ್ಲ. ನನ್ನ ಶಾಲೆಯಲ್ಲಿ ಕಲಿತ ಮಕ್ಕಳು ಒಂದು ದಿನ ಕಾರಿನಲ್ಲಿ ಈ ರಸ್ತೆಯಲ್ಲಿ ಓಡಾಡಬೇಕು, ಅದರ ಧೂಳು ನನ್ನ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದನ್ನು ದಕ್ಷಿಣ ಕನ್ನಡದಲ್ಲಿ ಇಂದಿಗೂ ನೆನೆಯುತ್ತಾರೆ. ಆ ಆಸೆಯಲ್ಲಿ ಕಾರಿನೊಳಗೆ ಕೂತವರು ಯಾರು, ರಸ್ತೆ ಬದಿಯಲ್ಲಿ ನಿಂತವರು ಯಾರು ಎನ್ನುವುದನ್ನು ಗಮನಿಸಿ. ನನ್ನವರು ನನ್ನನ್ನು ಬಿಟ್ಟರೆ ಎಂಬ ಭಯ ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನೀವು ಅಷ್ಟು ದೊಡ್ಡದರಿಂದ ಶುರು ಮಾಡಬೇಕಿಲ್ಲ. ಮದುವೆ ಮನೆಯಲ್ಲಿ ಯಾರೋ "ಹುಡುಗಿ ನಮ್ಮೋರೇನಾ?" ಅಂದರೆ, "ನಮ್ಮೋರು ಅಂದ್ರೆ?" ಎಂದು ತಣ್ಣಗೆ ಕೇಳಿ ಉತ್ತರಕ್ಕೆ ಕಾಯಿರಿ. ಹೇಳುವವರು ತಾವೇ ಬಿಡಿಸಿ ಹೇಳಬೇಕಾಗುತ್ತದೆ, ಆಗ ಅದು ಅವರ ಕಿವಿಗೂ ಬೇರೆಯಾಗಿ ಕೇಳಿಸುತ್ತದೆ. ಬಾಡಿಗೆಗೆ ಕೊಡುವ ಮನೆ ನಿಮ್ಮದಾಗಿದ್ದರೆ "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ತೆಗೆಯಿರಿ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೀಸಲಾತಿಯನ್ನು ಹೀಗಳೆಯುವ ಸಂದೇಶ ಬಂದರೆ ಉದ್ದ ಭಾಷಣ ಬೇಡ, "ಇದನ್ನು ನಾನು ಒಪ್ಪುವುದಿಲ್ಲ" ಎಂಬ ಒಂದೇ ಸಾಲು ಹಾಕಿ. ಕಳಿಸಿದವರಿಗೆ ಆಮೇಲೆ ಫೋನ್ ಮಾಡಿ ಮಾತಾಡಿ.

ಇಲ್ಲಿಯ ಗುಂಡಿ ಯಾವುದು ಗೊತ್ತೇ? ಮನೆಯವರನ್ನು ಹಳೇ ಕಾಲದವರೆಂದು ತುಚ್ಛವಾಗಿ ಕಂಡು, ತಾನು ಅವರಿಗಿಂತ ಮೇಲೆಂದು ಮನಸ್ಸಿನಲ್ಲೇ ಒಂದು ಪಂಕ್ತಿ ಹಾಕಿಕೊಳ್ಳುವುದು. ಮೇಲುಕೀಳಿನ ರೂಢಿ ವೇಷ ಬದಲಿಸಿ ಬಂದಿರುತ್ತದೆ ಅಷ್ಟೇ. ಬೇರೆ ಲೋಟ ಇಟ್ಟ ಮನೆಗೆ ಹೋದಾಗ ನಾನು ಈಗ ಅಡುಗೆ ಮನೆಗೆ ನಾನೇ ಹೋಗುತ್ತೇನೆ. ಎಲ್ಲರಿಗೂ ಒಂದೇ ಥರದ ಲೋಟ ತೆಗೆದು, ಕಾಫಿ ಬೆರೆಸಿ, ಒಂದೇ ತಟ್ಟೆಯಲ್ಲಿಟ್ಟು ತರುತ್ತೇನೆ. ಮೊದಲ ಸಲ ಮಾಡಿದಾಗ ಕೈ ನಡುಗಿತ್ತು.

7. ಸಾಕ್ಷಿಯಾಗಿ ನಿಲ್ಲಿ

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಊರಿನಲ್ಲಿ ಬದುಕಬೇಕಾದ ದಲಿತ ಸಾಕ್ಷಿಯ ಭಯವೇ ಬೇರೆ, ನಿಮ್ಮದೇ ಬೇರೆ. ನಿಮ್ಮ ಮಾತನ್ನು ಪೊಲೀಸರು ಬರೆದುಕೊಳ್ಳುತ್ತಾರೆ, ನಿಮ್ಮ ಮನೆಗೆ ಯಾರೂ ಬೆಂಕಿ ಇಡುವುದಿಲ್ಲ. ಇಷ್ಟು ದಿನ ರೂಢಿ ಮಾಡಿಕೊಂಡ ಐದು ಉಸಿರು ಬೇಕಾಗುವುದು ಇಂಥ ಕಡೆ.

ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಆ ಸಮುದಾಯಗಳಿಗೆ ಸೇರದವರು ಜನರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈದರೆ, ಬೇಕೆಂದೇ ಅವಮಾನಿಸಿದರೆ, ಅದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರ ಅಡಿಯಲ್ಲಿ ಅಪರಾಧ. ನೀವು ಅಲ್ಲಿದ್ದರೆ ಮೊದಲು ನೊಂದವರ ಪಕ್ಕದಲ್ಲಿ ಹೋಗಿ ನಿಂತು, ಏನು ಮಾಡಬೇಕೆಂದು ಅವರನ್ನೇ ಕೇಳಿ. ದೂರು ಕೊಡುವುದೋ ಬೇಡವೋ ಅವರ ತೀರ್ಮಾನ, ನಿಮ್ಮ ಆವೇಶದ್ದಲ್ಲ. ಕೊಡುತ್ತೇವೆ ಎಂದರೆ ಜೊತೆಗೆ ಠಾಣೆಗೆ ಹೋಗಿ. ಆಡಿದ ಮಾತು, ಜಾಗ, ಹೊತ್ತು, ಅಲ್ಲಿದ್ದವರು ಎಲ್ಲವನ್ನೂ ಆ ದಿನವೇ ಬರೆದಿಡಿ. ಎಫ್‌ಐಆರ್ ಹಾಕುವ ಮುಂಚೆ ಪ್ರಾಥಮಿಕ ವಿಚಾರಣೆ ಬೇಕೆಂದು ಪೊಲೀಸರು ಹೇಳಿದರೆ, 2018ರ ತಿದ್ದುಪಡಿಯಲ್ಲಿ ಬಂದ 18ಎ ಸೆಕ್ಷನ್ ಅದು ಬೇಡ ಎನ್ನುತ್ತದೆ ಎಂದು ನೆನಪಿಸಿ. ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣ ವೆಚ್ಚ ಕೇಳುವ ಹಕ್ಕು 15ಎ ಸೆಕ್ಷನ್ನಿನಲ್ಲಿದೆ. ರಾಷ್ಟ್ರೀಯ ಸಹಾಯವಾಣಿ 14566. ಕರ್ನಾಟಕದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ.

ಮಾರನೆಯ ದಿನದಿಂದ ನಿಮ್ಮವರೇ ಮನೆಗೆ ಬರುತ್ತಾರೆ. ರಾಜಿ ಮಾಡಿಸಿ, ಊರಿನ ಮರ್ಯಾದೆ ನೋಡಿ ಎನ್ನುತ್ತಾರೆ. ಅಳುತ್ತಾರೆ, ಹಳೆಯ ಉಪಕಾರ ನೆನಪಿಸುತ್ತಾರೆ. "ನಾನು ಕಂಡದ್ದನ್ನು ಹೇಳುತ್ತೇನೆ" ಎಂಬ ಒಂದು ಮಾತನ್ನು ಬಿಟ್ಟು ಬೇರೇನೂ ಹೇಳಬೇಡಿ. ಕೋರ್ಟಿಗೆ ಕರೆ ಬರುವ ಹೊತ್ತಿಗೆ ವರ್ಷಗಳೇ ಕಳೆಯಬಹುದು. ಅದಕ್ಕೇ ಬರೆದಿಡಿ ಎಂದದ್ದು.

8. ಯಾರೂ ಹೊಗಳದಿದ್ದಾಗ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಂಜೆ ದಲಿತ ಸಂಘಟನೆಯ ಸಭೆಯಲ್ಲಿ ಯಾರೋ ಯುವಕ ನಿಮ್ಮತ್ತ ನೋಡಿ, "ಮೇಲ್ಜಾತಿಯವರು ನಮ್ಮ ಹೋರಾಟದಲ್ಲಿ ಯಾಕೆ ಬೇಕು?" ಎಂದು ಕೇಳಬಹುದು. ನೀವು ಮಾಡಿದ್ದೆಲ್ಲ ನಾಲಗೆಯ ತುದಿಗೆ ಬರುತ್ತದೆ. ಕಿವಿ ಬಿಸಿಯಾಗುತ್ತದೆ. ಪಾದ ನೆಲಕ್ಕೆ ಊರಿ. ಆ ಯುವಕ ನಿಮ್ಮನ್ನು ನಂಬಲೇಬೇಕೆಂಬ ಕಾನೂನಿಲ್ಲ, ನಂಬದಿರುವುದಕ್ಕೆ ಅವನ ಹತ್ತಿರ ನೂರು ಕಾರಣಗಳಿವೆ. ಉತ್ತರ ಕೊಡಬೇಕಾದದ್ದು ಸಂಘಟಕರು, ಅವರು ಕೊಡುತ್ತಾರೆ, ಕೊಡದಿದ್ದರೂ ಸರಿಯೇ. ಸಭೆ ಮುಗಿದ ಮೇಲೆ ಕುರ್ಚಿ ಮಡಚಿಡುವವರ ಜೊತೆ ಕೈ ಜೋಡಿಸಿ. ಮುಂದಿನ ಸಭೆ ಯಾವತ್ತು, ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಮನೆಗೆ ಹೋಗಿ.